ಬಾವಿ ಅವರವರದ್ದು, ಬೆಲೆ ಎಲ್ಲರದ್ದು

2020ರ ಏಪ್ರಿಲ್. ಕೊರೊನಾ ಹಾವಳಿಗೆ ವಿಮಾನಗಳು ನೆಲ ಬಿಟ್ಟು ಏಳುತ್ತಿರಲಿಲ್ಲ, ರಸ್ತೆಗಳು ಬಿಕೋ ಎನ್ನುತ್ತಿದ್ದವು. ಕೇಳುವವರಿಲ್ಲದ ಕಚ್ಚಾತೈಲ ಟ್ಯಾಂಕುಗಳಲ್ಲಿ ತುಂಬುತ್ತಿತ್ತು. ಉತ್ಪಾದನೆ ತಗ್ಗಿಸಲು ತೈಲ ದೇಶಗಳ ಸಚಿವರು ವಿಡಿಯೊ ಸಭೆ ಸೇರಿದರು. ದಿನಕ್ಕೆ 4 ಲಕ್ಷ ಬ್ಯಾರಲ್ ಇಳಿಸಿ ಎಂದರೆ ಮೆಕ್ಸಿಕೊ 1 ಲಕ್ಷಕ್ಕೇ ಪಟ್ಟು ಹಿಡಿಯಿತು. ದಿನಗಟ್ಟಲೆ ಜಗ್ಗಾಟದ ಬಳಿಕ ಅದರ ಮಾತೇ ನಡೆಯಿತು. ಏಪ್ರಿಲ್ 12ರಂದು ಎಲ್ಲ ದೇಶಗಳೂ ಸೇರಿ ದಿನಕ್ಕೆ 97 ಲಕ್ಷ ಬ್ಯಾರಲ್ ಕಡಿತಕ್ಕೆ ಒಪ್ಪಿದವು. ಒಂದು ಬ್ಯಾರಲ್ ಎಂದರೆ ಸುಮಾರು 159 ಲೀಟರ್.

ಬಲವಂತ ಮಾಡುವ ಅಧಿಕಾರ ಈ ಕೂಟದಲ್ಲಿ ಯಾರಿಗೂ ಇಲ್ಲ. ಅದರ ಹುಟ್ಟೇ ಹಾಗಿದೆ.

1950ರ ದಶಕದಲ್ಲಿ ತೈಲದ ಬೆಲೆ ಕಟ್ಟುತ್ತಿದ್ದುದು 'ಸಪ್ತ ಸೋದರಿಯರು' ಎಂದು ಹೆಸರಾದ ಪಾಶ್ಚಾತ್ಯ ಕಂಪನಿಗಳು. ಬಾವಿಯಿದ್ದ ದೇಶಗಳ ಆದಾಯ ಆ ಬೆಲೆಗೇ ಅಂಟಿಕೊಂಡಿತ್ತು. 1960ರ ಆಗಸ್ಟ್‌ನಲ್ಲಿ ಕಂಪನಿಗಳು ಯಾರನ್ನೂ ಕೇಳದೆ ಬೆಲೆ ಇಳಿಸಿದವು. ಮರುತಿಂಗಳೇ ಇರಾನ್, ಇರಾಕ್, ಕುವೈತ್, ಸೌದಿ ಅರೇಬಿಯ ಮತ್ತು ವೆನೆಜುವೆಲಾ ಬಾಗ್ದಾದಿನಲ್ಲಿ ಸೇರಿ 'ಒಪೆಕ್' ಎಂಬ ಕೂಟ ಕಟ್ಟಿದವು. ಇದರ ಹಿಂದಿದ್ದ ವೆನೆಜುವೆಲಾದ ಸಚಿವ ಪೆರೆಸ್ ಅಲ್ಫೊನ್ಸೊ, ಅಮೆರಿಕದ ಟೆಕ್ಸಾಸ್ ರಾಜ್ಯದ ರೈಲ್ವೆ ಆಯೋಗವನ್ನು ಅಭ್ಯಾಸ ಮಾಡಿದ್ದವರು. ಹೆಸರಿಗೆ ರೈಲ್ವೆಯದಾದರೂ, ಯಾವ ಬಾವಿಯಿಂದ ಎಷ್ಟು ತೈಲ ಎತ್ತಬೇಕೆಂದು ನಿರ್ಧರಿಸುತ್ತಿದ್ದ ಸಂಸ್ಥೆ ಅದು.

ವಿಯೆನ್ನಾದಲ್ಲಿ ಕೇಂದ್ರ ಕಚೇರಿಯಿರುವ ಒಪೆಕ್‌ನಲ್ಲಿ ದೊಡ್ಡ ದೇಶಕ್ಕೂ ಚಿಕ್ಕ ದೇಶಕ್ಕೂ ಒಂದೇ ಮತ. ಮುಖ್ಯ ತೀರ್ಮಾನಕ್ಕೆ ಎಲ್ಲರ ಒಪ್ಪಿಗೆ ಬೇಕು. 1982ರಿಂದ ಉತ್ಪಾದನೆಗೆ ಮಿತಿ ಹಾಕಿಕೊಳ್ಳುವ ಪದ್ಧತಿ ಬಂತು. ತೊಡಕು ಶುರುವಾದದ್ದೂ ಅಲ್ಲೇ. ಎಲ್ಲರೂ ಕಡಿಮೆ ಎತ್ತಿದರೆ ಬೆಲೆ ಏರುತ್ತದೆ. ಬೆಲೆ ಏರಿದಾಗ ಗುಟ್ಟಾಗಿ ಹೆಚ್ಚು ಎತ್ತಿದವರಿಗೆ ಲಾಭ. ಹಾಗಾಗಿ ಸದಸ್ಯರು ಕೊಡುವ ಅಂಕಿಗಳನ್ನಷ್ಟೇ ನಂಬದೆ, ಹೊರಗಿನ ಸಂಸ್ಥೆಗಳ ಅಂದಾಜುಗಳನ್ನು ತೆಗೆದುಕೊಂಡು ತಾಳೆ ನೋಡುತ್ತಾರೆ. ಮಿತಿ ಮೀರಿದವರಿಗೆ ದಂಡವಿಲ್ಲ.

ಉಳಿದವರ ಪರವಾಗಿ ತಾನೊಬ್ಬನೇ ಕಡಿತದ ಭಾರ ಹೊತ್ತು ಸೌದಿ ಅರೇಬಿಯ 1985ರಲ್ಲಿ ಬೇಸತ್ತಿತು, ನಲ್ಲಿಗಳನ್ನು ತೆರೆದುಬಿಟ್ಟಿತು. ಮರುವರ್ಷ ಬ್ಯಾರಲ್ ಬೆಲೆ 10 ಡಾಲರಿನ ಸಮೀಪಕ್ಕೆ ಕುಸಿಯಿತು. 2016ರಲ್ಲಿ ರಷ್ಯಾ ಮೊದಲಾದ ಹೊರಗಿನ ದೇಶಗಳೂ ಕೈಜೋಡಿಸಿ 'ಒಪೆಕ್ ಪ್ಲಸ್' ಆಯಿತು. ತನಗೆ ಗೊತ್ತುಮಾಡಿದ ಮಿತಿ ಒಪ್ಪದ ಅಂಗೋಲಾ 2024ರ ಆರಂಭದಲ್ಲಿ ಹೊರನಡೆಯಿತು.

ಬೇಕಾದ ಕಚ್ಚಾತೈಲದಲ್ಲಿ ಶೇ 85ಕ್ಕೂ ಹೆಚ್ಚನ್ನು ಹೊರಗಿನಿಂದ ತರುವ ಭಾರತಕ್ಕೆ ಈ ಸಭೆಗಳ ಬಿಸಿ ನೇರವಾಗಿ ತಟ್ಟುತ್ತದೆ. 2020ರ ಆ ಅಗ್ಗದ ದಿನಗಳಲ್ಲಿ ದೇಶ ವಿಶಾಖಪಟ್ಟಣ, ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರಿನ ಭೂಗತ ಕಲ್ಲುಗುಹೆಗಳಲ್ಲಿ ತೈಲ ತುಂಬಿಸಿಕೊಂಡಿತು. 2021ರ ಮಾರ್ಚ್ ಹೊತ್ತಿಗೆ ಬೆಲೆ 60 ಡಾಲರ್ ದಾಟಿತ್ತು. ಕಡಿತ ಸಡಿಲಿಸಿ ಎಂದು ಭಾರತ ಕೇಳಿತು. ಕಳೆದ ವರ್ಷ ಅಗ್ಗಕ್ಕೆ ಕೊಂಡು ಕೂಡಿಟ್ಟಿರುವ ತೈಲವನ್ನೇ ಮೊದಲು ಬಳಸಿಕೊಳ್ಳಲಿ ಎಂದು ಸೌದಿ ಇಂಧನ ಸಚಿವ ಅಬ್ದುಲ್ ಅಜೀಜ್ ಬಿನ್ ಸಲ್ಮಾನ್ ಉತ್ತರಿಸಿದರು.