ಕಾವಲು ಕ್ಯಾಮೆರಾದ ದೃಶ್ಯ ತಡವರಿಸುವುದೇಕೆ?

ಒಂದು ಕಾಲದಲ್ಲಿ ಬ್ಯಾಂಕು ಮತ್ತು ದೊಡ್ಡ ಮಳಿಗೆಗಳಿಗಷ್ಟೇ ಸೀಮಿತವಾಗಿದ್ದ ಕಾವಲು ಕ್ಯಾಮೆರಾಗಳು ಇಂದು ವರ್ತಕರ ಅಂಗಡಿ, ಗೋದಾಮು ಮತ್ತು ಮನೆಯ ಬಾಗಿಲಿಗೂ ಬಂದಿವೆ. ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಡೆ ಎರಡಕ್ಕೂ ಒಂದೇ ವ್ಯವಸ್ಥೆ ಇರುವುದು ಸಾಮಾನ್ಯ. ಆದರೆ ಹಣ ತೆತ್ತು ಅಳವಡಿಸಿದ ಕ್ಯಾಮೆರಾದ ದೃಶ್ಯವು ಸರಾಗವಾಗಿ ಓಡದೆ ನಿಂತು ನಿಂತು, ಹಾರಿ ಹಾರಿ ಸಾಗುತ್ತದೆ ಎಂಬ ದೂರು ಆಗಾಗ್ಗೆ ಕೇಳಿಬರುತ್ತದೆ. ಒಂದು ಕ್ಷಣದಲ್ಲಿ ಗೇಟಿನ ಬಳಿ ಅಪರಿಚಿತನೊಬ್ಬ ನಿಂತಿರುತ್ತಾನೆ. ಮರುಕ್ಷಣದಲ್ಲಿ ಆತನೂ ಇಲ್ಲ, ನಿಲ್ಲಿಸಿದ್ದ ಸ್ಕೂಟರೂ ಇಲ್ಲ. ಮುಖ ಕಾಣಬೇಕಾಗಿದ್ದ ನಾಲ್ಕು ಸೆಕೆಂಡುಗಳೇ ಕಾಣೆಯಾಗಿರುತ್ತವೆ.

ಇಂತಹ ಸಂದರ್ಭದಲ್ಲಿ ಕ್ಯಾಮೆರಾವನ್ನೇ ಬದಲಿಸಿಬಿಡುವುದು ಅನೇಕರ ರೂಢಿ. ಈ ಲೇಖಕನೂ ಅದೇ ತಪ್ಪನ್ನು ಮಾಡಿದ್ದುಂಟು. ಮನೆಯ ಗೇಟಿನ ಕ್ಯಾಮೆರಾದ ದೃಶ್ಯ ಹಗಲಿನಲ್ಲಿ ಸರಿಯಾಗಿದ್ದು, ಕತ್ತಲಾದೊಡನೆ ತಡವರಿಸುತ್ತಿತ್ತು. ತಂತ್ರಜ್ಞರ ಸಲಹೆಯಂತೆ ಹೊಸ ಕ್ಯಾಮೆರಾ ಹಾಕಿಸಿದರೂ ದೋಷ ಹಾಗೆಯೇ ಉಳಿಯಿತು. ನಿಜವಾದ ಕಾರಣ ವಿದ್ಯುತ್ ಪೂರೈಸುವ ಹಳೆಯ ಅಡಾಪ್ಟರಿನಲ್ಲಿತ್ತು. ರಾತ್ರಿ ಅವಕೆಂಪು ದೀಪಗಳು ಹೊತ್ತಿಕೊಂಡಾಗ ಕ್ಯಾಮೆರಾಕ್ಕೆ ಹೆಚ್ಚು ವಿದ್ಯುತ್ ಬೇಕು. ಉದ್ದನೆಯ ತೆಳು ತಂತಿಯ ಕೊನೆಯಲ್ಲಿ ಆ 12 ವೋಲ್ಟ್ ಕುಸಿದು, ಕ್ಯಾಮೆರಾ ಮತ್ತೆ ಮತ್ತೆ ನಿಂತು ಚಾಲೂ ಆಗುತ್ತಿತ್ತು. ಕೆಲವು ನೂರು ರೂಪಾಯಿಯ ಅಡಾಪ್ಟರಿನಿಂದ ಹೋಗಬಹುದಾಗಿದ್ದ ದೋಷಕ್ಕೆ ಕೆಲವು ಸಾವಿರ ವ್ಯಯವಾಯಿತು. ಆದ್ದರಿಂದ ದೋಷ ಎಲ್ಲಿದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು ಅನಂತರ ಖರ್ಚು ಮಾಡುವುದೇ ವಿವೇಕ. ಆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ದೃಶ್ಯ ಸಾಗಿ ಬರುವ ಹಾದಿ

ಚಲಿಸುವ ದೃಶ್ಯವೆಂದರೆ ಒಂದರ ಹಿಂದೊಂದು ಬರುವ ಸ್ಥಿರಚಿತ್ರಗಳ ಸಾಲು. ಇವನ್ನು ಫ್ರೇಮ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಕ್ಯಾಮೆರಾಗಳು ಸಾಮಾನ್ಯವಾಗಿ ಸೆಕೆಂಡಿಗೆ 25 ಫ್ರೇಮ್‌ಗಳವರೆಗೆ ಕೊಡಬಲ್ಲವು. ಇಷ್ಟನ್ನೂ ಪೂರ್ಣವಾಗಿ ಕಳುಹಿಸುವುದು ಕಾರ್ಯಸಾಧ್ಯವಲ್ಲವಾದ್ದರಿಂದ 2003ರಲ್ಲಿ ಅಂಗೀಕೃತವಾದ ಎಚ್.264 ಅಥವಾ 2013ರಲ್ಲಿ ಬಂದ ಎಚ್.265 ಪದ್ಧತಿಯಂತೆ ಅವನ್ನು ಸಂಕುಚಿತಗೊಳಿಸಲಾಗುತ್ತದೆ.

ಇದನ್ನು ವರ್ತಕರು ಲೆಕ್ಕದ ಪುಸ್ತಕಕ್ಕೆ ಹೋಲಿಸಿ ತಿಳಿಯಬಹುದು. ಆಗಾಗ್ಗೆ ಬರುವ ಒಂದು ಪೂರ್ಣ ಚಿತ್ರವು ಆರಂಭಿಕ ಶಿಲ್ಕಿನಂತೆ. ಅನಂತರದ ಫ್ರೇಮ್‌ಗಳಲ್ಲಿ ಬದಲಾವಣೆಗಳು ಮಾತ್ರ ಜಮಾ ಖರ್ಚಿನಂತೆ ದಾಖಲಾಗುತ್ತವೆ. ನಡುವೆ ಒಂದು ನಮೂದು ತಪ್ಪಿದರೆ ಮುಂದಿನ ಶಿಲ್ಕೆಲ್ಲ ತಪ್ಪುವಂತೆ, ದಾರಿಯಲ್ಲಿ ಒಂದಿಷ್ಟು ದತ್ತಾಂಶ ಕಳೆದರೆ ಮುಂದಿನ ಪೂರ್ಣ ಚಿತ್ರ ಬರುವವರೆಗೂ ದೃಶ್ಯ ಕೆಡುತ್ತದೆ ಅಥವಾ ನಿಲ್ಲುತ್ತದೆ. ಪೂರ್ಣ ಚಿತ್ರವು 50 ಫ್ರೇಮ್‌ಗಳಿಗೊಮ್ಮೆ ಬರುವಂತಿದ್ದರೆ ಗರಿಷ್ಠ ನಷ್ಟ 2 ಸೆಕೆಂಡು; 250ಕ್ಕೊಮ್ಮೆ ಎಂದಿದ್ದರೆ 10 ಸೆಕೆಂಡು. ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ 'ಐ-ಫ್ರೇಮ್ ಇಂಟರ್‌ವಲ್' ಎಂಬ ಹೆಸರಿನಲ್ಲಿ ಈ ಅಂಕಿ ಸಿಗುತ್ತದೆ. ಅದನ್ನು ಫ್ರೇಮ್ ಸಂಖ್ಯೆಯ ಎರಡು ಪಟ್ಟಿಗಿಂತ ಹೆಚ್ಚಿಸದಿರುವುದು ಕ್ಷೇಮ.

ಮೊದಲು ಕೇಳಬೇಕಾದ ಪ್ರಶ್ನೆ

ಕೆಟ್ಟಿರುವುದು ದಾಖಲೆಯೋ ಅಥವಾ ನೋಡುವ ಯಂತ್ರವೋ? ಎಲ್ಲಕ್ಕಿಂತ ಮೊದಲು ಇದನ್ನು ನಿರ್ಧರಿಸಬೇಕು. ತಡವರಿಸಿದ ಹೊತ್ತಿನ ಹತ್ತು ನಿಮಿಷದ ದಾಖಲೆಯನ್ನು ಪೆನ್ ಡ್ರೈವಿಗೆ ಇಳಿಸಿಕೊಂಡು, ಉತ್ತಮ ಸ್ಥಿತಿಯಲ್ಲಿರುವ ಮತ್ತೊಂದು ಗಣಕಯಂತ್ರದಲ್ಲಿ ಓಡಿಸಿ ನೋಡಿ. ಚಿತ್ರದ ಮೂಲೆಯಲ್ಲಿ ಕ್ಯಾಮೆರಾ ಮೂಡಿಸುವ ಗಡಿಯಾರವನ್ನು ಗಮನಿಸಿ. 10:15:07 ಆದ ಮೇಲೆ ನೇರವಾಗಿ 10:15:11 ಬಂದರೆ ನಡುವಿನ ಫ್ರೇಮ್‌ಗಳು ದಾಖಲಾಗಿಯೇ ಇಲ್ಲ. ಅವನ್ನು ಮರಳಿ ಪಡೆಯುವುದು ಅಸಾಧ್ಯ. ಗಡಿಯಾರ ಒಂದು ಸೆಕೆಂಡನ್ನೂ ಬಿಡದೆ ಸಾಗಿದರೆ ದಾಖಲೆ ಸುರಕ್ಷಿತವಾಗಿದೆ, ತೊಂದರೆ ನೋಡುವ ಯಂತ್ರದ್ದು ಎಂದರ್ಥ. ಮೊದಲನೆಯದು ತುರ್ತು ದುರಸ್ತಿಯ ವಿಷಯ, ಎರಡನೆಯದು ಅನುಕೂಲದ ವಿಷಯ.

ನೋಡುವ ಯಂತ್ರದ ದೋಷಗಳು

ಕಚೇರಿಯಲ್ಲಿ ಹಳತಾದ ಗಣಕಯಂತ್ರವನ್ನು ಮನೆಗೆ ತಂದು ಕ್ಯಾಮೆರಾ ತಂತ್ರಾಂಶ ಹಾಕುವುದು ವಾಡಿಕೆ. ಎಂಟು ಕ್ಯಾಮೆರಾಗಳ ಪೂರ್ಣ ಗಾತ್ರದ ದೃಶ್ಯವನ್ನು ಏಕಕಾಲಕ್ಕೆ ಬಿಡಿಸಿ ತೋರಿಸುವುದು ಅಂತಹ ಯಂತ್ರಕ್ಕೆ ಮಿತಿಮೀರಿದ ಹೊರೆ. 'ಟಾಸ್ಕ್ ಮ್ಯಾನೇಜರ್' ತೆರೆದಾಗ ಪ್ರೊಸೆಸರ್ ಬಳಕೆ ಶೇ. 90ರ ಮೇಲೆಯೇ ನಿಂತಿದ್ದರೆ ಕಾರಣ ಸಿಕ್ಕಂತೆಯೇ.

ಇದಕ್ಕೆ ಹಣವಿಲ್ಲದ ಪರಿಹಾರವಿದೆ. ಬಹುತೇಕ ಐ.ಪಿ. ಕ್ಯಾಮೆರಾಗಳು ಮುಖ್ಯ ಪ್ರವಾಹ ಮತ್ತು ಉಪ ಪ್ರವಾಹ ಎಂದು ಎರಡು ಬಗೆಯಲ್ಲಿ ದೃಶ್ಯ ಕಳುಹಿಸುತ್ತವೆ. ತಂತ್ರಾಂಶದಲ್ಲಿ ಇವು 'ಮೇನ್ ಸ್ಟ್ರೀಮ್' ಮತ್ತು 'ಸಬ್ ಸ್ಟ್ರೀಮ್' ಎಂದಿರುತ್ತವೆ. ಎಲ್ಲ ಕ್ಯಾಮೆರಾಗಳನ್ನೂ ಒಟ್ಟಿಗೆ ನೋಡುವಾಗ ಉಪ ಪ್ರವಾಹವನ್ನೂ, ದಾಖಲೆಗೆ ಮುಖ್ಯ ಪ್ರವಾಹವನ್ನೂ ಆರಿಸಿಕೊಳ್ಳಬೇಕು. ಹಾಗೆಯೇ 'ಹಾರ್ಡ್‌ವೇರ್ ಡಿಕೋಡಿಂಗ್' ಸೌಲಭ್ಯವನ್ನು ಚಾಲೂ ಮಾಡಬೇಕು. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಎಚ್.265ಕ್ಕೆ ಪೂರ್ಣ ಪ್ರಮಾಣದ ಈ ನೆರವು ದೊರೆತದ್ದು 2015ರ ಆರನೆಯ ಪೀಳಿಗೆಯಿಂದ. ಅದಕ್ಕಿಂತ ಹಳೆಯ ಯಂತ್ರವಾದರೆ ಕ್ಯಾಮೆರಾವನ್ನು ಎಚ್.264ಕ್ಕೆ ಬದಲಿಸುವುದು ಲೇಸು.

ಊರಿನಾಚೆಯಿಂದ ಮೊಬೈಲ್‌ನಲ್ಲಿ ನೋಡುವಾಗ ಮಾತ್ರ ದೃಶ್ಯ ನಿಲ್ಲುತ್ತಿದ್ದರೆ ಮೊಬೈಲನ್ನಷ್ಟೇ ದೂಷಿಸಬೇಡಿ. ಆಗ ಲೆಕ್ಕಕ್ಕೆ ಬರುವುದು ನಿಮ್ಮ ಮನೆಯ ಸಂಪರ್ಕದ 'ಅಪ್‌ಲೋಡ್' ವೇಗ. ಇಲ್ಲಿಯೂ ಉಪ ಪ್ರವಾಹವೇ ಸೂಕ್ತ.

ತಂತಿ ಮತ್ತು ಜಾಲ

ದಾಖಲೆಯಲ್ಲೇ ಫ್ರೇಮ್‌ಗಳು ಕಾಣೆಯಾಗಿದ್ದರೆ ಮೊದಲ ಸಂಶಯ ತಂತಿಯ ಮೇಲೆ. ಈಥರ್‌ನೆಟ್ ತಂತಿಯ ಉದ್ದಕ್ಕೆ 100 ಮೀಟರ್ ಮಿತಿಯಿದೆ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪನ ಕೊಟ್ಟ ಅಗ್ಗದ ತಂತಿ ಆ ದೂರಕ್ಕೆ ನಂಬಿಕೆಗೆ ಅರ್ಹವಲ್ಲ. ಮಳೆ ನೀರು ಹೊಕ್ಕ ಜೋಡಣೆಗಳು, ತುಕ್ಕು ಹಿಡಿದ ಪಿನ್ನುಗಳು ಮಳೆಗಾಲದ ಸಾಮಾನ್ಯ ಕಾರಣಗಳು. ಗಣಕಯಂತ್ರದಿಂದ ಕ್ಯಾಮೆರಾದ ವಿಳಾಸಕ್ಕೆ 'ಪಿಂಗ್' ಆದೇಶವನ್ನು ಹತ್ತು ನಿಮಿಷ ಓಡಿಸಿ. ತಂತಿಯ ಜಾಲದಲ್ಲಿ ಒಂದು ಉತ್ತರವೂ ತಪ್ಪಬಾರದು. ತಪ್ಪುತ್ತಿದ್ದರೆ ಅದೇ ಕ್ಯಾಮೆರಾವನ್ನು ಎರಡು ಮೀಟರ್ ಹೊಸ ತಂತಿಯಿಂದ ನೇರವಾಗಿ ಸ್ವಿಚ್ಚಿಗೆ ಜೋಡಿಸಿ ನೋಡಿ. ಆಗ ಸರಿಯಾದರೆ ಕ್ಯಾಮೆರಾ ನಿರ್ದೋಷಿ.

ವೈ-ಫೈ ಕ್ಯಾಮೆರಾಗಳಲ್ಲಿ ಗೋಡೆ, ಕಬ್ಬಿಣದ ರೋಲಿಂಗ್ ಷಟರ್, ನೆರೆಮನೆಯ ರೂಟರ್ ಎಲ್ಲವೂ ಅಡ್ಡಿಯೇ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಮಾತ್ರ. ಅವುಗಳಲ್ಲಿ ತೆರವಾಗಿರುವುದನ್ನು ಆರಿಸಿ. ಮುಖ್ಯ ದ್ವಾರ ಮತ್ತು ನಗದು ಪೆಟ್ಟಿಗೆಯ ಮೇಲಿನ ಕ್ಯಾಮೆರಾಗಳನ್ನಾದರೂ ತಂತಿಯಲ್ಲೇ ಇಡುವುದು ಒಳಿತು. ತಂತ್ರಾಂಶದಲ್ಲಿ ಯು.ಡಿ.ಪಿ. ಬದಲು ಟಿ.ಸಿ.ಪಿ. ಆರಿಸಿದರೆ ಕಳೆದ ದತ್ತಾಂಶವನ್ನು ಮತ್ತೆ ಕಳುಹಿಸಲಾಗುವುದರಿಂದ ಚಿತ್ರ ಒಡೆಯುವುದು ಕಡಿಮೆಯಾಗುತ್ತದೆ.

ಹಾರ್ಡ್ ಡಿಸ್ಕಿನ ಲೆಕ್ಕ

1080 ಗಾತ್ರದ ಒಂದು ಕ್ಯಾಮೆರಾವನ್ನು 4 ಎಂ.ಬಿ.ಪಿ.ಎಸ್. ದರಕ್ಕೆ ಇಟ್ಟರೆ ಗಂಟೆಗೆ 1.8 ಜಿ.ಬಿ., ದಿನಕ್ಕೆ 43.2 ಜಿ.ಬಿ. ಬೇಕು. ಎಂಟು ಕ್ಯಾಮೆರಾಗಳಿಗೆ ದಿನಕ್ಕೆ ಸುಮಾರು 346 ಜಿ.ಬಿ. 4 ಟಿ.ಬಿ. ಡಿಸ್ಕು ಹನ್ನೊಂದು ದಿನಗಳಲ್ಲಿ ತುಂಬಿ ಹಳೆಯ ದಾಖಲೆ ಅಳಿಯತೊಡಗುತ್ತದೆ. ಇಷ್ಟು ಬರೆಯುವ ಕೆಲಸ ಹಗಲಿರುಳೂ ನಡೆಯುವುದರಿಂದ ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕು ಬೇಗ ಸೊರಗುತ್ತದೆ. ಕಾವಲು ವ್ಯವಸ್ಥೆಗೆಂದೇ ತಯಾರಾದ ಡಿಸ್ಕನ್ನು ಕೊಳ್ಳುವುದು ಯುಕ್ತ. ದಾಖಲೆಯ ಫೋಲ್ಡರನ್ನು ವೈರಸ್ ನಿರೋಧಕ ತಂತ್ರಾಂಶದ ತಪಾಸಣೆಯಿಂದ ಹೊರಗಿಡಿ. ಬಂದ ದೃಶ್ಯವನ್ನು ಮತ್ತೆ ಸಂಕುಚಿತಗೊಳಿಸದೆ ನೇರವಾಗಿ ಡಿಸ್ಕಿಗೆ ಬರೆಯುವ ಆಯ್ಕೆಯಿದ್ದರೆ ಅದನ್ನೇ ಬಳಸಿ.

ಮನೆಯ ಗೇಟಿಗೂ ಅಂಗಡಿಯ ಗಲ್ಲಾಕ್ಕೂ ಸೆಕೆಂಡಿಗೆ 12ರಿಂದ 15 ಫ್ರೇಮ್ ಧಾರಾಳವಾಗಿ ಸಾಕು. ಒಂದೂ ತಪ್ಪದ 15 ಫ್ರೇಮ್‌ಗಳು ಅರ್ಧ ಕಾಣೆಯಾದ 25ಕ್ಕಿಂತ ಮೇಲು. ರಾತ್ರಿಯ ವೇಳೆ ಚಿತ್ರ ಎಳೆದಂತೆ, ಮಸುಕಾಗಿ ಕಂಡರೆ ಷಟರ್ ವೇಗವನ್ನು ಪರೀಕ್ಷಿಸಿ. ಬೆಳಕು ಸಾಲದಾಗ ಕ್ಯಾಮೆರಾ ಷಟರನ್ನು ನಿಧಾನಗೊಳಿಸುತ್ತದೆ. ಗೇಟಿನಲ್ಲಿ ಒಂದು ಎಲ್.ಇ.ಡಿ. ದೀಪ ಹಾಕಿದರೆ ಅನೇಕ ವೇಳೆ ಆ ತೊಂದರೆ ತೀರುತ್ತದೆ.

ಕಾನೂನಿನ ಮುಖ

ಇದು ನೋಡುವ ಅನುಕೂಲಕ್ಕಷ್ಟೇ ಸಂಬಂಧಿಸಿದ ವಿಷಯವಲ್ಲ. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಅಧಿನಿಯಮವು ಹೆಚ್ಚು ಜನ ಸೇರುವ ವಾಣಿಜ್ಯ ಸಂಸ್ಥೆಗಳು ಕ್ಯಾಮೆರಾ ಅಳವಡಿಸಿ, 30 ದಿನಗಳ ದಾಖಲೆಯನ್ನು ಕಾಪಾಡಬೇಕೆಂದು ವಿಧಿಸುತ್ತದೆ. ಮೇಲೆ ಹೇಳಿದ ಹನ್ನೊಂದು ದಿನದ ಡಿಸ್ಕು ಇಲ್ಲಿ ಸಾಲದು. ಅದೇ ಎಂಟು ಕ್ಯಾಮೆರಾಗಳಿಗೆ 30 ದಿನಕ್ಕೆ 10.4 ಟಿ.ಬಿ. ಬೇಕು, ದರವನ್ನು 2 ಎಂ.ಬಿ.ಪಿ.ಎಸ್.ಗೆ ಇಳಿಸಿದರೆ 5.2 ಟಿ.ಬಿ. ಸಾಕು.

2024ರ ಜುಲೈ 1ರಿಂದ 1872ರ ಸಾಕ್ಷ್ಯ ಅಧಿನಿಯಮದ ಬದಲಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಜಾರಿಯಲ್ಲಿದೆ. ಅದರ 63ನೆಯ ಪ್ರಕರಣದಂತೆ ವಿದ್ಯುನ್ಮಾನ ದಾಖಲೆಯ ಪ್ರತಿಯೊಂದಿಗೆ ನಿಗದಿತ ನಮೂನೆಯ ಪ್ರಮಾಣಪತ್ರವನ್ನು, ಹ್ಯಾಶ್ ಮೌಲ್ಯ ಸಹಿತ, ಸಲ್ಲಿಸಬೇಕಾಗುತ್ತದೆ. ಕಳ್ಳತನವಾದಾಗ ಪರದೆಯ ಮೇಲೆ ಓಡುವ ದೃಶ್ಯವನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ ಸುಮ್ಮನಾಗದೆ, ಮೂಲ ಕಡತವನ್ನೇ ತಂತ್ರಾಂಶದಿಂದ ಹೊರತೆಗೆದು, ಮೂಲ ಡಿಸ್ಕನ್ನು ಜೋಪಾನವಾಗಿಡಬೇಕು. ವ್ಯವಸ್ಥೆಯ ಗಡಿಯಾರ ಸರಿಯಾಗಿರುವುದೂ ಅಷ್ಟೇ ಮುಖ್ಯ.

ತಿಂಗಳಿಗೊಮ್ಮೆ ಹತ್ತು ನಿಮಿಷ

ತಿಂಗಳ ಮೊದಲ ದಿನ ಪ್ರತಿ ಕ್ಯಾಮೆರಾದಿಂದ ಹಗಲಿನ ಒಂದು, ರಾತ್ರಿಯ ಒಂದು ನಿಮಿಷದ ದಾಖಲೆಯನ್ನು ತೆರೆದು ಮೂಲೆಯ ಗಡಿಯಾರ ನೋಡಿ. ಅತ್ಯಂತ ಹಳೆಯ ದಾಖಲೆ ಯಾವ ದಿನಾಂಕದ್ದೆಂದು ಗುರುತು ಹಾಕಿಕೊಳ್ಳಿ. ದೋಷ ಕಂಡರೆ ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ, ಫಲಿತಾಂಶ ನೋಡಿ ಮುಂದುವರಿಯಿರಿ. ಹೊಸದಾಗಿ ಅಳವಡಿಸುವವರು ಫ್ರೇಮ್ ಸಂಖ್ಯೆ, ದತ್ತಾಂಶ ದರ ಮತ್ತು ಎಷ್ಟು ದಿನಗಳ ದಾಖಲೆ ಉಳಿಯುವುದೆಂಬುದನ್ನು ದರಪಟ್ಟಿಯಲ್ಲೇ ಲಿಖಿತವಾಗಿ ಕೇಳಿ ಪಡೆಯಿರಿ. ದಾಸ್ತಾನನ್ನು ಕಾಲಕಾಲಕ್ಕೆ ಎಣಿಸುವ ವರ್ತಕರು ಅದನ್ನು ಕಾಯುವ ಕ್ಯಾಮೆರಾದ ಲೆಕ್ಕವನ್ನೂ ಹಾಗೆಯೇ ತೆಗೆದುಕೊಂಡರೆ, ಬೇಕಾದ ದಿನ ಆ ನಾಲ್ಕು ಸೆಕೆಂಡುಗಳು ಕೈಗೆ ಸಿಗುತ್ತವೆ.