ಒಂದು ಬಡಿತ, ಎರಡು ಅರ್ಥ

ವ್ಯವಹಾರದ ಇಂಗ್ಲಿಷ್ ಎಂದೊಡನೆ, ದೊಡ್ಡ ದೊಡ್ಡ ಪದಗಳನ್ನೂ ಸಿದ್ಧವಾಕ್ಯಗಳನ್ನೂ ಬಾಯಿಪಾಠ ಮಾಡಿಸುವ ವಿದ್ಯೆಯೆಂದು ಅನೇಕರು ಭಾವಿಸುತ್ತಾರೆ. ಹೊರದೇಶಗಳಿಂದ ಬೆಂಗಳೂರಿಗೆ ಓದಲು ಬಂದ ತರುಣರಿಗೆ ಈ ವಿಷಯವನ್ನು ಕಲಿಸುವುದು ನನ್ನ ವೃತ್ತಿ. ಅವರಲ್ಲಿ ಬಹುಮಂದಿಗೆ ವ್ಯಾಕರಣ ಚೆನ್ನಾಗಿಯೇ ಬರುತ್ತದೆ. ಸಾಲದಿರುವುದು ಬೇರೊಂದು: ತಾವು ಆಡಿದ ಮಾತು ಕೇಳುವವನ ಮನಸ್ಸಿನಲ್ಲಿ ಏನಾಗಿ ನಿಲ್ಲುತ್ತದೆಂಬ ಅರಿವು. ಅದನ್ನು ಕಲಿಸುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ನನ್ನ ಊರು ಕೋಲಾರದ ಚಿನ್ನದ ಗಣಿ ಪ್ರದೇಶದ ಕೋರಮಂಡಲ್. ಲಂಡನ್ನಿನ ಜಾನ್ ಟೇಲರ್ ಕಂಪನಿ 1880ರ ದಶಕದಿಂದ 1956ರವರೆಗೆ ಈ ಗಣಿಗಳನ್ನು ನಡೆಸಿತು. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯವರು, ಇಟಲಿಯವರು, ತಮಿಳು, ತೆಲುಗು, ಕನ್ನಡ ಮಾತಿನವರು ಒಂದೇ ನೆಲದಡಿ ದುಡಿದರು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಮಿಕ್ಕು ಆಳಕ್ಕೆ ಇಳಿದಿತ್ತು. ಅಂಥ ಆಳದಲ್ಲಿ ಮಾತು ತಪ್ಪಿದರೆ ಪ್ರಾಣವೇ ತಪ್ಪುತ್ತದೆ. ಆದುದರಿಂದ ಜನರನ್ನು ಇಳಿಸಿ ಏರಿಸುವ ಕೇಜಿಗೆ ಗಣಿಗಳಲ್ಲಿ ಬಡಿತದ ಸಂಕೇತಗಳಿರುತ್ತವೆ. ಭಾರತದ ಗಣಿ ನಿಯಮಗಳಲ್ಲಿ ಎರಡು ಬಡಿತವೆಂದರೆ ಇಳಿಸು. ಮೂರೆಂದರೆ ಮನುಷ್ಯರು ಹತ್ತಲು ಸಿದ್ಧರಾಗಿದ್ದಾರೆ. ಒಂದು ಬಡಿತದ ಸಂಗತಿ ಮಾತ್ರ ವಿಶೇಷವಾದುದು. ಯಂತ್ರ ಚಲಿಸುತ್ತಿರುವಾಗ ಅದರ ಅರ್ಥ ‘ನಿಲ್ಲಿಸು’. ಯಂತ್ರ ನಿಂತಿರುವಾಗ ಅದರ ಅರ್ಥ ‘ಮೇಲೆತ್ತು’. ಸದ್ದು ಒಂದೇ, ಸಂದರ್ಭ ಬೇರೆ. ಆದುದರಿಂದ ಆಜ್ಞೆಯೂ ಬೇರೆ.

ಮೊದಲ ದಿನ ನಾನು ತರಗತಿಯಲ್ಲಿ ಹೇಳುವುದು ಈ ಬಡಿತದ ವಿಚಾರವನ್ನೇ. ಏಕೆಂದರೆ ನಮ್ಮ ಮಾತುಗಳೂ ಹೀಗೆಯೇ. ಕನ್ನಡದಲ್ಲಿ ಹಿರಿಯರೊಬ್ಬರು ‘ನೋಡೋಣ’ ಎಂದರೆ, ಕೇಳಿದವನು ಅವರ ಮುಖವನ್ನೂ ದನಿಯನ್ನೂ ನೋಡಿ, ಇದು ಆಗದ ಕೆಲಸವೆಂದು ಅನೇಕ ವೇಳೆ ತಿಳಿದುಕೊಳ್ಳುತ್ತಾನೆ. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ‘ವಿ ವಿಲ್ ಸೀ’ ಎಂದು ದೂರದೇಶದ ವ್ಯಾಪಾರಿಗೆ ಬರೆದರೆ, ಆತ ಒಪ್ಪಿಗೆಯ ಪತ್ರಕ್ಕಾಗಿ ವಾರಗಟ್ಟಲೆ ಕಾದಾನು. ನಮ್ಮ ಕಚೇರಿಗಳ ‘ಕೈಂಡ್ಲಿ ಡೂ ದಿ ನೀಡ್‌ಫುಲ್’ ಎಂಬುದೂ ಅಂಥದೇ. ಕಡತವನ್ನು ಬಲ್ಲ ಗುಮಾಸ್ತನಿಗೆ ಅದು ಸಾಕು. ಕಡತವನ್ನೇ ಕಾಣದವನಿಗೆ ಮಾಡಬೇಕಾದುದು ಏನೆಂಬುದು ಅದರಿಂದ ತಿಳಿಯದು.

ಪತ್ರದ ಕ್ರಮವೂ ವಿಚಾರಿಸತಕ್ಕದ್ದು. ನಮ್ಮ ಹಳೆಯ ಓಲೆಗಳು ‘ಉಭಯ ಕುಶಲೋಪರಿ’ ಎಂದು ತೊಡಗಿ, ಕ್ಷೇಮಸಮಾಚಾರ ಮುಗಿದ ಮೇಲೆ ವಿಷಯಕ್ಕೆ ಬರುತ್ತಿದ್ದುವು. ಹಾಗೆಯೇ ಬರೆದು ಬೆಳೆದ ವಿದ್ಯಾರ್ಥಿಗಳು ನನ್ನ ಬಳಿ ಬರುತ್ತಾರೆ. ವಿಷಯವನ್ನು ಮೊದಲ ಸಾಲಿನಲ್ಲೇ ಹೇಳುವುದು ಅವರಿಗೆ ಬಾಗಿಲು ತಟ್ಟದೆ ಒಳನುಗ್ಗಿದಂತೆ ತೋರುತ್ತದೆ. ನಿಮ್ಮ ಸೌಜನ್ಯವನ್ನು ಬಿಡಿರೆಂದು ನಾನು ಹೇಳುವುದಿಲ್ಲ. ಓದುವವನ ಸಮಯವನ್ನು ಉಳಿಸುವುದೂ ಒಂದು ಸೌಜನ್ಯ; ಬೇಕಾದುದೇನು, ಯಾವ ದಿನದೊಳಗೆ, ಏತಕ್ಕಾಗಿ ಎಂಬುದನ್ನು ಮೊದಲು ತಿಳಿಸಿ, ಕುಶಲವನ್ನು ಅನಂತರ ಕೇಳಬಹುದು ಎನ್ನುತ್ತೇನೆ.

ಬರವಣಿಗೆಗಿಂತ ಸೂಕ್ಷ್ಮವಾದುದು ದನಿ. ಅಮೆರಿಕದ ಭಾಷಾವಿಜ್ಞಾನಿ ಜಾನ್ ಗಂಪರ್ಜ್ 1982ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬ್ರಿಟನ್ನಿನ ಒಂದು ವಿಮಾನ ನಿಲ್ದಾಣದ ನೌಕರರ ಭೋಜನಶಾಲೆಯ ಪ್ರಸಂಗವನ್ನು ವಿವರಿಸಿದ್ದಾರೆ. ಅಲ್ಲಿ ಹೊಸದಾಗಿ ಸೇರಿದ್ದ ಭಾರತ, ಪಾಕಿಸ್ತಾನಗಳ ಹೆಂಗಸರು ಊಟ ಬಡಿಸುವಾಗ ‘ಗ್ರೇವಿ’ ಎಂಬ ಒಂದೇ ಪದದಿಂದ, ಬೇಕೇ ಎಂದು ಕೇಳುತ್ತಿದ್ದರು. ಇಂಗ್ಲಿಷ್ ಹೆಂಗಸಾದರೆ ಕೊನೆಯಲ್ಲಿ ದನಿಯೇರಿಸುತ್ತಿದ್ದಳು, ಇವರು ಇಳಿಸುತ್ತಿದ್ದರು. ಕೇಳಿದವರಿಗೆ ಅದು ಪ್ರಶ್ನೆಯಾಗದೆ, ‘ಇದು ಗ್ರೇವಿ, ಬೇಕಾದರೆ ತಗೋ’ ಎಂಬಂತೆ ಕೇಳಿಸಿತು. ಇವರು ಒರಟರೆಂದು ಅವರು ದೂರಿದರು; ತಮ್ಮನ್ನು ಕೀಳಾಗಿ ಕಾಣುತ್ತಾರೆಂದು ಇವರು ನೊಂದರು. ಮಾತುಗಳನ್ನು ಧ್ವನಿಮುದ್ರಿಸಿ ಕೇಳಿಸಿ ಚರ್ಚಿಸಿದಾಗ, ವ್ಯತ್ಯಾಸವಿದ್ದುದು ಗುಣದಲ್ಲಲ್ಲ, ರಾಗದಲ್ಲಿ ಎಂಬುದು ಬೆಳಕಿಗೆ ಬಂತು.

ಇಲ್ಲಿ ಪಣವಾಗಿರುವುದು ಪರೀಕ್ಷೆಯ ಅಂಕಗಳಲ್ಲ, ಅನ್ನ ಮತ್ತು ಮಾನ. ನನ್ನ ಊರಿನಲ್ಲಿ ಇದನ್ನು ಕಣ್ಣಾರೆ ಕಾಣುತ್ತೇನೆ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಇಂದು ಕಾರ್ಮಿಕರ ಮಕ್ಕಳೂ ಮೊಮ್ಮಕ್ಕಳೂ ಮುಂಜಾನೆಯ ರೈಲಿನಲ್ಲಿ ಬಂಗಾರಪೇಟೆಯ ಮೂಲಕ ಬೆಂಗಳೂರಿನ ಕೆಲಸಗಳಿಗೆ ಹೋಗುತ್ತಾರೆ. ಸಂದರ್ಶನದ ಮೇಜಿನೆದುರು ಅವರ ಇಂಗ್ಲಿಷಿನ ಏರಿಳಿತವನ್ನು ಕೇಳಿ ಅವರ ಸ್ವಭಾವವನ್ನೇ ತೂಗಿಬಿಡುವವರಿದ್ದಾರೆ. ಪರದೇಶದಿಂದ ಬಂದ ನನ್ನ ವಿದ್ಯಾರ್ಥಿಗೂ ಅವರಿಗೂ ಈ ವಿಷಯದಲ್ಲಿ ಭೇದವಿಲ್ಲ. ಆಡುವವನು ಕಲಿಯಬೇಕಾದಷ್ಟೇ ಕೇಳುವವನೂ ಕಲಿಯಬೇಕಾಗಿದೆ.

ಗಣಿಯ ನಿಯಮದಲ್ಲಿ ಇದಕ್ಕೂ ದಾರಿಯಿದೆ. ಕೆಳಗಿನಿಂದ ಮೂರು ಬಡಿತ ಹೋದರೆ ಸಾಲದು. ಉತ್ತರವಾಗಿ ಮೂರು ಬಡಿತ ಮರಳಿ ಬಂದ ಬಳಿಕವೇ ಮನುಷ್ಯರು ಕೇಜನ್ನು ಹತ್ತತಕ್ಕದ್ದು. ನನ್ನ ತರಗತಿಯಲ್ಲಿ ಒಬ್ಬನು ಬರೆದ ಪತ್ರವನ್ನು ಬೇರೆ ದೇಶದವನೊಬ್ಬನಿಗೆ ಕೊಡುತ್ತೇನೆ. ತಾನು ಮಾಡಬೇಕಾದುದೇನು, ಎಂದಿನೊಳಗೆ ಎಂಬುದನ್ನು ಅವನು ಒಂದೇ ಸಾಲಿನಲ್ಲಿ ಬರೆದು ಹಿಂದಿರುಗಿಸಬೇಕು. ಆ ಸಾಲು ಬರೆದವನ ಮನಸ್ಸಿಗೆ ಹೊಂದದಿದ್ದರೆ ಇಬ್ಬರೂ ಕೂಡಿ ಕುಳಿತು ಪತ್ರವನ್ನು ಮತ್ತೆ ಬರೆಯುತ್ತಾರೆ. ತಪ್ಪು ಯಾರದೆಂದು ನಾನು ಕೇಳುವುದಿಲ್ಲ.