ಅಪ್ಪ-ಅಮ್ಮನಿಗೂ ಇರಲಿ ಒಂದು ಗರಡಿ

ಬೆಳಗಿನ ಹೊತ್ತು ಮಾಯಸಂದ್ರದ ಟಿ.ಬಿ. ಕ್ರಾಸ್‌ನಲ್ಲಿ ಬಸ್ಸಿಗೆ ಕಾದು ನಿಂತವರನ್ನು ಒಮ್ಮೆ ಗಮನಿಸಿ. ತುರುವೇಕೆರೆಯ ಕಚೇರಿಗೆ ಹೊರಟ ಗುಮಾಸ್ತರು, ಪಕ್ಕದ ಹಳ್ಳಿಯ ಶಾಲೆಗೆ ಹೊರಟ ಮೇಷ್ಟ್ರು, ಮಗುವಿಗೆ ತಿಂಡಿ ತಿನ್ನಿಸಿ, ಡಬ್ಬಿ ಕಟ್ಟಿ, ತಾನು ಮಾತ್ರ ಅರ್ಧ ಲೋಟ ಕಾಫಿ ಕುಡಿದು ಓಡಿ ಬಂದ ತಾಯಿ. ಇವರೆಲ್ಲ ಮನೆಗೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ಆಮೇಲೆ ಅಡುಗೆ, ಮಕ್ಕಳ ಪಾಠ, ತೋಟದ ನೀರಿನ ಚಿಂತೆ. ಇಂಥವರ ಬಳಿ ‘ಸ್ವಲ್ಪ ವ್ಯಾಯಾಮ ಮಾಡಿ’ ಎಂದು ಹೇಳಿ ನೋಡಿ. ‘ಅಯ್ಯೋ, ಉಸಿರಾಡುವುದಕ್ಕೇ ಪುರುಸೊತ್ತಿಲ್ಲ ಸ್ವಾಮಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಉತ್ತರ ಸುಳ್ಳೇನಲ್ಲ. ಆದರೆ ಅದೇ ಪೂರ್ತಿ ಸತ್ಯವೂ ಅಲ್ಲ. ಮೈಯ ಬಲ ಉಳಿಸಿಕೊಳ್ಳಲು ವಾರಕ್ಕೆ ಎರಡು ಸಲ, ಸಲಕ್ಕೆ ಇಪ್ಪತ್ತು ನಿಮಿಷ ಸಿಕ್ಕರೂ ಒಳ್ಳೆಯ ಆರಂಭವಾಗುತ್ತದೆ. ಆ ಇಪ್ಪತ್ತು ನಿಮಿಷವನ್ನು ಹುಡುಕಿಕೊಡಬೇಕಾದವರು ಯಾರು ಎಂಬುದೇ ನಿಜವಾದ ಪ್ರಶ್ನೆ.

ದುಡಿಮೆಯೇ ಸಾಲದೇ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ತೆಂಗಿನ ಸೀಮೆಯಲ್ಲಿ ‘ವ್ಯಾಯಾಮ’ ಎಂದರೆ ಹಿರಿಯರಿಗೆ ನಗು. ಕೆಡವಿದ ಕಾಯಿ ಹೊತ್ತು ತಂದು ಅಟ್ಟಕ್ಕೇರಿಸಿ, ಹತ್ತು ಹನ್ನೊಂದು ತಿಂಗಳು ಅಲ್ಲೇ ಒಣಗಲು ಬಿಟ್ಟು, ಇಳಿಸಿ, ಸುಲಿದು ಉಂಡೆ ಕೊಬ್ಬರಿ ಮಾಡಿದವರು ಅವರು. ಬಾವಿಯಿಂದ ನೀರು ಸೇದಿ, ಒರಳಲ್ಲಿ ರುಬ್ಬಿ, ರಾಗಿ ಬೀಸಿದವರು ಅವರ ಮನೆಯ ಹೆಣ್ಣುಮಕ್ಕಳು.

ಇಂದಿನ ಅಪ್ಪ-ಅಮ್ಮಂದಿರ ದಿನ ಹಾಗಿಲ್ಲ. ನೀರು ನಲ್ಲಿಯಲ್ಲಿ ಬರುತ್ತದೆ, ರುಬ್ಬಲು ಮಿಕ್ಸಿ ಇದೆ, ಕಾಯಿ ಸುಲಿಯಲು ಕೂಲಿಯವರಿದ್ದಾರೆ. ಸುಸ್ತು ಮಾತ್ರ ಮೊದಲಿಗಿಂತ ಹೆಚ್ಚು! ಇದು ಓಡಾಟದ, ಕುಳಿತ ಕೆಲಸದ, ನಿದ್ದೆಗೇಡಿನ ಸುಸ್ತು. ಇದರಿಂದ ತೋಳು ತೊಡೆಗಳಿಗೆ ಬಲ ಬರುವುದಿಲ್ಲ.

ಇನ್ನು ತೋಟದಲ್ಲೇ ದುಡಿಯುವವರ ವಿಷಯ. ಅವರಿಗೆ ಬಲವಿದೆ, ನಿಜ. ಆದರೆ ದುಡಿಮೆಯಲ್ಲಿ ಒಂದೇ ಬಗೆಯ ಕೆಲಸ ದಿನವಿಡೀ ನಡೆಯುತ್ತದೆ, ಸೊಂಟ ಬಗ್ಗಿದ್ದು ಬಗ್ಗಿದಂತೆಯೇ ಇರುತ್ತದೆ, ನೋವಿದ್ದರೂ ನಿಲ್ಲಿಸುವಂತಿಲ್ಲ. ವ್ಯಾಯಾಮದ ಲೆಕ್ಕ ಬೇರೆ. ಕಾಲು, ಸೊಂಟ, ಬೆನ್ನು, ಎದೆ, ತೋಳು ಎಲ್ಲಕ್ಕೂ ಸರದಿ, ಭಾರ ಸ್ವಲ್ಪಸ್ವಲ್ಪವೇ ಏರಿಕೆ, ನಡುವೆ ವಿಶ್ರಾಂತಿ. ಸ್ನಾಯು ಬೆಳೆಯುವುದು ಭಾರ ಎತ್ತಿದ ಹೊತ್ತಿನಲ್ಲಲ್ಲ, ಎತ್ತಿ ಸುಧಾರಿಸಿಕೊಳ್ಳುವ ಹೊತ್ತಿನಲ್ಲಿ.

ಕರಗುವ ಗಂಟು

‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು’ ಎಂಬ ಗಾದೆ ಹಣಕ್ಕಷ್ಟೇ ಅಲ್ಲ, ಸ್ನಾಯುವಿಗೂ ಸಲ್ಲುತ್ತದೆ. ಮೂವತ್ತು ದಾಟಿದ ಮೇಲೆ ಬಳಸದ ಸ್ನಾಯು ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಕರಗುತ್ತದೆ ಎಂಬುದು ವೈದ್ಯರ ಅಂದಾಜು. ಊಟದ ನಂತರ ರಕ್ತಕ್ಕೆ ಸೇರುವ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದೂ ಸ್ನಾಯುವೇ. ಅದು ಸೊರಗಿದರೆ ಸಕ್ಕರೆ ಕಾಯಿಲೆಗೆ ದಾರಿ ಸಲೀಸು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಶದಲ್ಲಿ ಮಧುಮೇಹ ಇರುವವರು ಸುಮಾರು 10 ಕೋಟಿ.

ಇನ್ನೊಂದು ಅಧ್ಯಯನ ಕುತೂಹಲಕರ. ಭಾರತವೂ ಸೇರಿದಂತೆ 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಕೈಹಿಡಿತದ ಬಲವನ್ನು ಅಳೆದು, ವರ್ಷಗಳ ಕಾಲ ಅವರ ಆರೋಗ್ಯವನ್ನು ಗಮನಿಸಲಾಯಿತು. 2015ರಲ್ಲಿ ಫಲಿತಾಂಶ ಪ್ರಕಟವಾಯಿತು. ಹಿಡಿತದ ಬಲ 5 ಕಿಲೋ ಕಡಿಮೆಯಾದಂತೆಲ್ಲ ಆ ಅವಧಿಯಲ್ಲಿ ಸಾವಿನ ಸಂಭವ ಶೇಕಡಾ 16ರಷ್ಟು ಹೆಚ್ಚಿತ್ತು. ಕೈ ಹಿಸುಕಿದರೆ ಆಯಸ್ಸು ಬೆಳೆಯುತ್ತದೆಂದು ಇದರ ಅರ್ಥವಲ್ಲ. ಕೈಯ ಬಲವು ಇಡೀ ಮೈಯ ಸ್ಥಿತಿಗೆ ಕನ್ನಡಿ, ಅಷ್ಟೇ.

ಅಂಚೆಯಲ್ಲಿ ಬಂದ ಗರಡಿ

ನಮ್ಮ ನಾಡಿಗೆ ಇದೇನೂ ಹೊಸ ವಿದ್ಯೆಯಲ್ಲ. ಹಳೆ ಮೈಸೂರಿನ ಗರಡಿ ಮನೆಗಳಲ್ಲಿ ದಂಡ, ಬಸ್ಕಿ, ಗದೆ, ಕಲ್ಲುಗುಂಡುಗಳ ಸಾಮು ತಲೆಮಾರುಗಳಿಂದ ನಡೆದು ಬಂದಿದೆ. ಆದರೆ ಗರಡಿ ಎಂದರೆ ಪೈಲ್ವಾನರದು, ಹುಡುಗರದು ಎಂಬ ಭಾವನೆಯೂ ಬಲವಾಗಿತ್ತು.

ಅದನ್ನು ಸಡಿಲಿಸಿದವರಲ್ಲಿ ಕೆ.ವಿ. ಅಯ್ಯರ್ ಪ್ರಮುಖರು. ಕನ್ನಡಿಗರಿಗೆ ಅವರು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಲೇಖಕರಾಗಿ ಪರಿಚಿತರು. ಅವರೇ ಬೆಂಗಳೂರಿನ ಹರ್ಕ್ಯುಲಿಸ್ ವ್ಯಾಯಾಮಶಾಲೆಯ ಸ್ಥಾಪಕರು ಎಂಬುದು ಇಂದಿನ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಗೊತ್ತು? ಭಾರ ಎತ್ತುವುದರ ಜೊತೆಗೆ ಸೂರ್ಯನಮಸ್ಕಾರವನ್ನೂ ಕಲಿಸಿದ ಅವರು, ವ್ಯಾಯಾಮಶಾಲೆಗೆ ಬರಲಾಗದವರಿಗಾಗಿ ಅಂಚೆಯ ಮೂಲಕವೂ ಪಾಠ ನಡೆಸಿದರು. ಗರಡಿಗೆ ಹೋಗಲಾಗದಿದ್ದರೆ ಗರಡಿಯೇ ಮನೆಗೆ ಬರಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಎಷ್ಟು ಮಾಡಬೇಕು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರು ವಾರಕ್ಕೆ ಕನಿಷ್ಠ ಎರಡು ದಿನ ಮುಖ್ಯ ಸ್ನಾಯುಗಳಿಗೆಲ್ಲ ಬಲ ನೀಡುವ ವ್ಯಾಯಾಮ ಮಾಡಬೇಕು. ಚುರುಕು ನಡಿಗೆಯಂಥ ಚಟುವಟಿಕೆ ವಾರಕ್ಕೆ 150 ನಿಮಿಷ ಬೇರೆ ಇರಬೇಕು. ಬಸ್ ನಿಲ್ದಾಣಕ್ಕೆ ಬಿರುಸಾಗಿ ನಡೆದದ್ದೂ ಈ ಲೆಕ್ಕಕ್ಕೆ ಸೇರುತ್ತದೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ ಒಂದು ಗಂಟೆ ಮೈ ದಣಿಯುವ ಆಟೋಟ ಬೇಕು. ಪರೀಕ್ಷೆ ಬಂತೆಂದು ಆಟ ನಿಲ್ಲಿಸುವ ಪೋಷಕರು ಇದನ್ನು ಎರಡು ಸಲ ಓದಿಕೊಳ್ಳಲಿ.

ಸೋಮವಾರ ಮತ್ತು ಗುರುವಾರ ಎಂದಿಟ್ಟುಕೊಳ್ಳಿ. ನಡುವೆ ಬಿಡುವು ಸಿಗುತ್ತದೆ. ಒಂದೇ ಸಲ ಇಪ್ಪತ್ತು ನಿಮಿಷ ಸಿಗದಿದ್ದರೆ ಹರಿದು ಹಂಚಿಕೊಳ್ಳಿ. ಸ್ನಾನದ ನೀರು ಕಾಯುವಷ್ಟರಲ್ಲಿ ಬಸ್ಕಿ, ಕುಕ್ಕರ್ ಕೂಗುವಷ್ಟರಲ್ಲಿ ಗೋಡೆಯ ದಂಡ, ಉಳಿದದ್ದು ಸಂಜೆಗೆ. ಮದುವೆ, ಜಾತ್ರೆ ಎಂದು ಒಂದು ದಿನ ತಪ್ಪಿದರೆ ಮಾರನೆಯ ದಿನ ಮಾಡಿದರಾಯಿತು.

ಕಾಯಿಯೇ ತೂಕದ ಕಲ್ಲು

ಈ ಸೀಮೆಯಲ್ಲಿ ಕಬ್ಬಿಣದ ಡಂಬೆಲ್ ಕೊಳ್ಳುವ ಅಗತ್ಯವೇ ಇಲ್ಲ. ಸುಲಿದ ಕಾಯಿಯೊಂದು ಅರ್ಧ ಕಿಲೋ ಆಸುಪಾಸು ತೂಗುತ್ತದೆ. ಗಟ್ಟಿ ಹಿಡಿಯ ಎರಡು ಬಟ್ಟೆ ಚೀಲಗಳಿಗೆ ಆರಾರು ಕಾಯಿ ಹಾಕಿ.

1. ಬಸ್ಕಿ: ಮೊದಲು ಕುರ್ಚಿಯ ಮೇಲೆ ಕೂತು ಏಳುವುದು. ಅಭ್ಯಾಸವಾದ ಮೇಲೆ ಕುರ್ಚಿಯಿಲ್ಲದೆ. ಆಮೇಲೆ ಚೀಲ ಹಿಡಿದು.

2. ದಂಡ: ಮೊದಲು ಗೋಡೆಗೆ ಕೈಯೂರಿ, ನಂತರ ಜಗಲಿಯ ಅಂಚಿಗೆ, ಕೊನೆಗೆ ನೆಲಕ್ಕೆ.

3. ಎತ್ತುವುದು: ಬೆನ್ನು ನೆಟ್ಟಗಿಟ್ಟು, ಸೊಂಟ ಮತ್ತು ಮಂಡಿ ಬಾಗಿಸಿ ನೆಲದಿಂದ ಎರಡೂ ಚೀಲ ಎತ್ತಿ ನಿಂತು, ನಿಧಾನವಾಗಿ ಇಳಿಸುವುದು.

4. ಸೇದುವುದು: ಒಂದು ಕೈ ಮಂಚಕ್ಕೆ ಊರಿ, ಇನ್ನೊಂದರಿಂದ ಚೀಲವನ್ನು ಪಕ್ಕೆಯವರೆಗೆ ಎಳೆಯುವುದು.

5. ಹೊರುವುದು: ಎರಡು ಕೈಯಲ್ಲೂ ಚೀಲ ಹಿಡಿದು ಅಂಗಳದಲ್ಲಿ ಒಂದು ನಿಮಿಷ ನೆಟ್ಟಗೆ ನಡೆಯುವುದು.

ಮೊದಲ ನಾಲ್ಕನ್ನು 8ರಿಂದ 12 ಸಲ ಮಾಡಿ, ಒಂದು ನಿಮಿಷ ಸುಧಾರಿಸಿಕೊಂಡು ಮತ್ತೊಮ್ಮೆ. ಹೊರುವುದೂ ಎರಡು ಸುತ್ತು. ಕೊನೆಯ ಎರಡು ಸಲ ಕಷ್ಟ ಎನಿಸಬೇಕು, ಆದರೆ ಉಸಿರು ಬಿಗಿಹಿಡಿಯಬಾರದು. ಹನ್ನೆರಡೂ ಸುಲಭವಾದ ದಿನ ಚೀಲಕ್ಕೆ ಒಂದು ಕಾಯಿ ಸೇರಿಸಿ. ಇಷ್ಟೇ ಇದರ ಗುಟ್ಟು.

ರಕ್ತದೊತ್ತಡ, ಹೃದಯದ ತೊಂದರೆ, ಹರ್ನಿಯಾ, ಬಹುದಿನದ ಬೆನ್ನುನೋವು ಇರುವವರು, ಇನ್ಸುಲಿನ್ ಪಡೆಯುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಮರುದಿನ ಮೈಕೈ ಸ್ವಲ್ಪ ನೋಯುವುದು ಸಹಜ. ಕೀಲಿನಲ್ಲಿ ಚುಚ್ಚುವ ನೋವು ಬಂದರೆ ನಿಲ್ಲಿಸಿ.

ಊಟದಲ್ಲಿ ಪ್ರೋಟೀನು ಇರಲಿ. 60 ಕಿಲೋ ತೂಕದವರಿಗೆ ದಿನಕ್ಕೆ 50 ಗ್ರಾಂ ಬೇಕು. ಕೊಬ್ಬರಿಯಲ್ಲಿ ಕೊಬ್ಬು ಹೆಚ್ಚು, ಪ್ರೋಟೀನು ಕಡಿಮೆ. ಹುರುಳಿ, ಅವರೆ, ಕಡಲೆ, ಹಾಲು, ಮೊಸರು, ಮೊಟ್ಟೆ ನಂಬಬಹುದು. ಮುದ್ದೆಯ ಜೊತೆ ಹುರುಳಿ ಸಾರು ಉಂಡವರು ದಡ್ಡರಲ್ಲ!

ಮಕ್ಕಳೇ, ಇದು ನಿಮ್ಮ ಕೆಲಸ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇಪ್ಪತ್ತು ನಿಮಿಷ ಎಲ್ಲಿಂದ ಬರಬೇಕು? ಅಪ್ಪನಿಗೆ ಅದು ಹೇಗೋ ಸಿಕ್ಕೀತು. ಅಮ್ಮನಿಗೆ ಮನೆಯವರು ಕೊಟ್ಟರೆ ಮಾತ್ರ ಸಿಗುತ್ತದೆ. ಮುಟ್ಟು ನಿಂತ ನಂತರ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ಭಾರದ ವ್ಯಾಯಾಮ ಮೂಳೆಗೂ ಆಸರೆ. ಅಂದರೆ ಇದರ ಅಗತ್ಯ ಹೆಚ್ಚಾಗಿರುವವಳೇ ಪುರುಸೊತ್ತು ಕಡಿಮೆ ಇರುವವಳು.

ಆದ್ದರಿಂದ ಸೋಮವಾರ, ಗುರುವಾರದ ಸಂಜೆ ಪಾತ್ರೆ ತೊಳೆಯುವುದು, ತಮ್ಮ ತಂಗಿಯರ ಹೋಂವರ್ಕ್ ನೋಡುವುದು ನಿಮ್ಮ ಪಾಲಿಗಿರಲಿ. ಅಪ್ಪನೂ ಒಂದು ಕೈ ಹಾಕಲಿ. ಅಮ್ಮ ಬಸ್ಕಿ ಹೊಡೆಯುವಾಗ ನೀವೇ ಉಸ್ತಾದರಾಗಿ ಎಣಿಸಿ, ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಎಷ್ಟು ಸಲ, ಎಷ್ಟು ಕಾಯಿ ಎಂದು ಬರೆದಿಡಿ. ನೀವೂ ಚೀಲವಿಲ್ಲದೆ ಜೊತೆಗೆ ಮಾಡಿ. ಹಿರಿಯರ ಕಣ್ಣಳತೆಯಲ್ಲಿ ಸರಿಯಾದ ಕ್ರಮದಲ್ಲಿ ಮಾಡಿದರೆ ಎತ್ತರ ಕುಂಠಿತವಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ಯುಗಾದಿಗೆ ಆರು ಕಾಯಿಯಿಂದ ಆರಂಭಿಸಿದ ಅಮ್ಮ ದಸರೆಯ ಹೊತ್ತಿಗೆ ಹತ್ತು ಕಾಯಿಯ ಚೀಲ ಎತ್ತಿ ನಿಂತರೆ, ಆ ಹಾಳೆ ನಿಮ್ಮ ಅಂಕಪಟ್ಟಿಯಷ್ಟೇ ಜೋಪಾನವಾಗಿ ಇಡಬೇಕಾದದ್ದು.